ವಿಮಾನದಂಚೆಯಲ್ಲಿ ಬಂದ ಸಾರು

ಖರ್ಚು ಮಾಡಿ ಸುಸ್ತಾದವರನ್ನು ನಾನು ಇದುವರೆಗೆ ಕಂಡಿಲ್ಲ. ಉಳಿತಾಯ ಮಾಡಿ ಸುಸ್ತಾದವನೊಬ್ಬನನ್ನು ಮಾತ್ರ ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ನೋಡುತ್ತೇನೆ. ಕಾರ್ಖಾನೆಯಲ್ಲಿ ಎಂಟು ಗಂಟೆ ಲೇತಿನ ಮುಂದೆ ನಿಂತರೆ ಕೊನೆಗೆ ಸೈರನ್ನಾದರೂ ಕೂಗುತ್ತದೆ. ಕೈ ತೊಳೆದು ಮನೆಗೆ ಹೋಗಬಹುದು. ಉಳಿತಾಯಕ್ಕೆ ಸೈರನ್ ಇಲ್ಲ, ವಾರದ ರಜೆ ಇಲ್ಲ. ಅದರಲ್ಲೂ ಹೊಟ್ಟೆಯ ಬಾಬಿನಲ್ಲಿ ಉಳಿಸಲು ಹೊರಟವನ ಪಾಡು ಕೇಳಲೇಬೇಡಿ. ದಿನಕ್ಕೆ ಮೂರು ಸಲ ಅವನಿಗೆ ತನ್ನ ಪ್ರತಿಜ್ಞೆ ನೆನಪಾಗುತ್ತದೆ.

ಎಂಟು ವರ್ಷದ ಹಿಂದಿನ ಮಾತು. ನಮ್ಮ ಕಾರ್ಖಾನೆಗೆ ಜರ್ಮನಿಯಿಂದ ಹೊಸ ಯಂತ್ರಗಳು ಬರುವುದಿತ್ತು. ಅವುಗಳ ಕೆಲಸ ಕಲಿತು ಬರಲಿ ಅಂತ ನನ್ನನ್ನು ಹತ್ತು ತಿಂಗಳು ಅಲ್ಲಿಗೆ ಕಳಿಸಿದರು. ಅಲ್ಲಿಯವರೆಗೆ ನನ್ನ ದೇಶಸಂಚಾರವೆಲ್ಲ ಬೆಳಿಗ್ಗೆ ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವುದು, ಸಂಜೆ ನಿಂತುಕೊಂಡೇ ವಾಪಸ್ಸು ಬರುವುದು, ಅಷ್ಟೇ. ಮದುವೆಯಾಗಿ ಆಗಷ್ಟೇ ಮೂರು ತಿಂಗಳಾಗಿತ್ತು. ಹೆಂಡತಿ ಪಾರ್ವತಿ ಹೋಳೂರಿನ ಕಡೆಯವಳು. ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆಯ ಹುಡುಗಿ, ಎಸ್ಸೆಸ್ಸೆಲ್ಸಿ ಪಾಸು. ನಮ್ಮದು ಒಂದು ನಡುಮನೆ, ಒಂದು ಅಡುಗೆಮನೆ. ಅಡುಗೆಮನೆಯಲ್ಲಿ ಅಮ್ಮ, ನಡುಮನೆಯಲ್ಲಿ ಅಪ್ಪ, ಅಪ್ಪನ ಕೆಮ್ಮು ಎರಡೂ ಕಡೆ. ಗಂಡ ಹೆಂಡತಿ ನಾಲ್ಕು ಮಾತಾಡಬೇಕೆಂದರೆ ಬಾವಿಕಟ್ಟೆಗೆ ಹೋಗಬೇಕು. ಅಲ್ಲಿ ಪಕ್ಕದ ಮನೆಯವರು ಇರುತ್ತಿದ್ದರು. ಮೂರು ತಿಂಗಳಲ್ಲಿ ನಾವು ಆಡಿದ ಮಾತುಗಳನ್ನೆಲ್ಲ ಒಂದು ಬಸ್ ಟಿಕೆಟ್ಟಿನ ಹಿಂದೆ ಬರೆಯಬಹುದಿತ್ತು. ಹಾಗಾಗಿ ವಿಮಾನ ಹತ್ತುವ ಮೊದಲೇ ನಿರ್ಧಾರ ಮಾಡಿದ್ದೆ: ಅಲ್ಲಿ ಕೊಡುವ ಭತ್ಯೆಯಲ್ಲಿ ಉಳಿಸಿ, ಮನೆಯ ಮೇಲೆ ಒಂದು ಕೋಣೆ ಕಟ್ಟಿಸಬೇಕು. ಅದಕ್ಕೊಂದು ಕದ, ಕದಕ್ಕೊಂದು ಚಿಲಕ. ಅಷ್ಟಿದ್ದರೆ ಸಾಕು.

ಅಲ್ಲಿ ಹೋಟೆಲಿನಲ್ಲಿ ಉಂಡರೆ ಕೋಣೆಯಿರಲಿ, ಚಿಲಕವೂ ಆಗುವುದಿಲ್ಲ ಅಂತ ಮೊದಲ ವಾರವೇ ಗೊತ್ತಾಯಿತು. ಕಾರ್ಖಾನೆಯ ಕ್ಯಾಂಟೀನು ಅಗ್ಗ, ಆದರೆ ತಟ್ಟೆಯಲ್ಲಿ ಬರುವ ಮಾಂಸ ಯಾವ ಪ್ರಾಣಿಯದು ಅಂತ ಕೇಳಲು ನನಗೆ ಭಾಷೆ ಬಾರದು. ಒಂದು ದಿನ ಕೈಯಿಂದ ಕೊಂಬು ತೋರಿಸಿ ಕೇಳಿದೆ. ಬಡಿಸುವಾಕೆ ನಗುತ್ತಾ ಹೌದು ಎಂದು ತಲೆಯಾಡಿಸಿದಳು. ಅಂದಿನಿಂದ ಬರೀ ಆಲೂಗಡ್ಡೆ. ಒಂದು ಮುದುಕಿಯ ಮನೆಯ ಮಹಡಿಯಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಡಿಸಿದ್ದರು. ಮೂಲೆಯಲ್ಲಿ ಒಂದೇ ಒಂದು ಕರೆಂಟ್ ಒಲೆ. ಅಲ್ಲೇ ಬೇಯಿಸಿಕೊಳ್ಳೋಣ ಅಂದುಕೊಂಡೆ. ಗಂಜಿ ಕಾಯಿಸಿಕೊಂಡು ಗೊತ್ತಿಲ್ಲದ ಮನುಷ್ಯ ನಾನು. ನಮ್ಮ ಮನೆಯಲ್ಲಿ ಗಂಡಸರು ಒಲೆಯ ಹತ್ತಿರ ಹೋಗುತ್ತಿದ್ದದ್ದು ಬೀಡಿ ಹಚ್ಚಿಕೊಳ್ಳುವುದಕ್ಕೆ ಮಾತ್ರ.

ಅಮ್ಮ ಕಟ್ಟಿಕೊಟ್ಟಿದ್ದ ರಾಗಿಹಿಟ್ಟು ಹದಿನೈದು ದಿನಕ್ಕೆ ಮುಗಿಯಿತು. ಅದರಲ್ಲಿ ಅರ್ಧ ಮುದ್ದೆಯಾಗದೆ ಗಂಟುಗಂಟಾಗಿ ಕಸದ ಬುಟ್ಟಿ ಸೇರಿತ್ತು. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಕಂದು ಬಣ್ಣದ ಒಂದು ಬೇಳೆ, ಪಾಲಕ್ ಸೊಪ್ಪು, ಪಾಯಸದಂತೆ ಅಂಟಂಟಾಗುವ ಅಕ್ಕಿ. ಇವುಗಳಿಂದ ಸಾರು ಮಾಡುವುದು ಹೇಗೆ ಅಂತ ಮನೆಗೆ ಕಾಗದ ಬರೆದೆ. ಪಾರ್ವತಿಗೇ ಬರೆಯಬೇಕೆಂಬ ಆಸೆ. ಆದರೆ ನಮ್ಮ ಮನೆಯ ಕಾಗದಗಳಿಗೆ ಒಂದು ಪದ್ಧತಿ ಇತ್ತು. ಅಪ್ಪ ಇಟ್ಟಿಗೆ ಗೂಡಿನ ಆಫೀಸಿನಲ್ಲಿ ರೈಟರು. ಬಂದ ಕಾಗದವನ್ನೆಲ್ಲ ಜಗಲಿಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಸಾಹುಕಾರರಿಗೆ ಓದಿ ಹೇಳುವಷ್ಟೇ ಗಟ್ಟಿಯಾಗಿ ಓದುತ್ತಿದ್ದರು. ಬೀದಿಯಲ್ಲಿ ಹೋಗುವವರೂ ನಿಂತು ಕೇಳಿಸಿಕೊಂಡು ಹೋಗುತ್ತಿದ್ದರು. ಆದ್ದರಿಂದ 'ತೀರ್ಥರೂಪರವರಿಗೆ ಸಾಷ್ಟಾಂಗ ನಮಸ್ಕಾರಗಳು' ಅಂತ ಶುರುಮಾಡಿ, ಬೇಳೆಯ ವಿಚಾರ ಕೇಳಿ, ಕೊನೆಯಲ್ಲಿ 'ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ' ಎಂದು ಬರೆದೆ. ಆ 'ಎಲ್ಲರೂ' ಅನ್ನುವುದರೊಳಗೆ ಯಾರಿದ್ದಾರೆ ಅಂತ ಅವಳಿಗೆ ಗೊತ್ತಾಗಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಉತ್ತರ ಬರಲು ಇಪ್ಪತ್ತಾರು ದಿನ ಹಿಡಿಯಿತು. ಅಷ್ಟರಲ್ಲಿ ನಾನು ಬೇಳೆಯನ್ನು ಉಪ್ಪು ಹಾಕಿ ಬೇಯಿಸಿ, ಬ್ರೆಡ್ಡಿನ ಜೊತೆ ತಿಂದು, ಹೊಟ್ಟೆಯೊಳಗೆ ಸಿಮೆಂಟು ಕಲಸಿದ ಹಾಗೆ ಆಗಿತ್ತು. ಉತ್ತರ ಪಾರ್ವತಿಯ ಅಕ್ಷರದಲ್ಲೇ ಇತ್ತು, ಹೇಳಿ ಬರೆಸಿದ್ದು ಅಮ್ಮ. ಅಮ್ಮ ಮುಳಬಾಗಿಲಿನ ಕಡೆಯವಳು. ಸಮಾಧಾನದಲ್ಲಿದ್ದರೆ ಕನ್ನಡ, ಅವಸರವಾದರೆ ತೆಲುಗು. 'ನಾಯ್ನಾ, ಚಿಂತಪಂಡು, ಅದೇ ಹುಣಸೆ, ನಿಂಬೆಹಣ್ಣಿನ ಗಾತ್ರ ನೆನೆಸಿಕೋ. ಖಾರದಪುಡಿ ಒಂದು ಹಿಡಿ. ಉಪ್ಪು ನಿನಗೇ ಗೊತ್ತಾಗುತ್ತೆ. ಕುದಿ ಬಂದಾಗ ವಾಸನೆಯೇ ಹೇಳುತ್ತೆ' ಅಂತ ಇತ್ತು. ನನ್ನ ಕೋಣೆಯಲ್ಲಿ ವಾಸನೆ ಹೇಳುತ್ತಿದ್ದದ್ದು ನನಗಲ್ಲ, ಕೆಳಗಿನ ಮುದುಕಿಗೆ. ನಾನು ಒಗ್ಗರಣೆ ಹಾಕಿದಾಗಲೆಲ್ಲ ಅವಳು ಮನೆಯ ಕಿಟಕಿಗಳನ್ನೆಲ್ಲ ಧಡಧಡ ತೆಗೆಯುತ್ತಿದ್ದಳು. ಚಳಿಗೆ ಇಬ್ಬರೂ ನಡುಗುತ್ತಿದ್ದೆವು.

ಕಾಗದ ಮಡಿಸಿಡುವಾಗ ಅಂಟು ಹಚ್ಚುವ ಅಂಚಿನ ಒಳಗಡೆ ಇರುವೆ ಸಾಲಿನಂಥ ಅಕ್ಷರಗಳು ಕಂಡವು. ಬೆಳಕಿಗೆ ಹಿಡಿದು ಓದಿದೆ. 'ಅತ್ತೆ ಹೇಳಿದ್ದು ಅವರ ಹಿಡಿ. ನೀವು ಎರಡು ಚಮಚ ಹಾಕಿ. ಹುಣಸೆ ಸಿಗದಿದ್ದರೆ ಟೊಮೇಟೊ ಜಾಸ್ತಿ ಹಾಕಿ. ಕೈ ಸುಟ್ಟುಕೊಳ್ಳಬೇಡಿ.' ನನ್ನ ಹೆಂಡತಿ ನನಗೊಬ್ಬನಿಗೇ ಅಂತ ಹೇಳಿದ ಮೊದಲ ಮಾತು ಅದು. ಬೇರೆ ಯಾರ ಹೆಂಡತಿಯಾದರೂ ಚಂದ್ರ, ನಕ್ಷತ್ರ ಅಂತ ಬರೆಯುತ್ತಿದ್ದಳೋ ಏನೋ. ನಾನು ಆ ಖಾರದಪುಡಿಯ ಸಾಲನ್ನು ಹತ್ತು ಸಲ ಓದಿದೆ.

ಆಮೇಲೆ ನನಗೆ ಅಡುಗೆಯಲ್ಲಿ ಸಂದೇಹಗಳು ಬಹಳ ಹುಟ್ಟತೊಡಗಿದವು. ಬಸ್ಸಾರಿಗೆ ಬೆಳ್ಳುಳ್ಳಿ ಹಸಿಯದೋ ಹುರಿದದ್ದೋ? ಉಪ್ಸಾರಿಗೆ ಮೆಣಸು ಎಷ್ಟು? ಮೊಸರಿಗೆ ಹೆಪ್ಪು ಹಾಕುವುದು ಯಾವಾಗ? ಪ್ರತಿ ಕಾಗದದಲ್ಲೂ ಅಮ್ಮ ವಿಸ್ತಾರವಾಗಿ ಹೇಳುವಳು, ಅಂಚಿನಲ್ಲಿ ಪಾರ್ವತಿ ತಿದ್ದುವಳು. ನಾನು ಅಂಚಿನ ಪ್ರಕಾರ ಬೇಯಿಸಿ, ಅಮ್ಮನ ಪ್ರಕಾರ ಮಾಡಿದೆ ಅಂತ ಬರೆಯುವೆನು. ಪುಡಿ ಕುಟ್ಟಲು ಏನೂ ಇರಲಿಲ್ಲವಾಗಿ, ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಬಿದ್ದಿದ್ದ ಹಿತ್ತಾಳೆಯ ತುಂಡಿನಿಂದ ಲೇತಿನ ಮೇಲೆ ಒಂದು ಕುಟ್ಟಾಣಿ ಕಡೆಯುತ್ತಿದ್ದೆ. ಹಿಂದಿನಿಂದ ಫೋರ್‌ಮನ್ ಬಂದ. ನಗುವುದನ್ನು ಎಂದೋ ಮರೆತಂಥ ಮುಖದವನು. ಇದೇನು ಎಂದು ಹುಬ್ಬಿನಲ್ಲೇ ಕೇಳಿದ. ನಾನು ಕುಟ್ಟಿ ತೋರಿಸಿದೆ, ಮೂಗಿಗೆ ಘಾಟು ಹತ್ತಿ ಸೀನುವುದನ್ನೂ ಅಭಿನಯಿಸಿದೆ. ಮರುದಿನವೇ ವಿಮಾನ ಹತ್ತಿಸುತ್ತಾರೆ ಅಂದುಕೊಂಡೆ. ಅವನು ಜೇಬಿನಿಂದ ಅಳತೆಯ ಪಟ್ಟಿ ತೆಗೆದು ಅದರ ತಳ ಅಳೆದ, ತೆಳುವಾಯಿತು ಎಂದು ತಲೆಯಾಡಿಸಿದ, ನನ್ನನ್ನು ಪಕ್ಕಕ್ಕೆ ಸರಿಸಿ ದಪ್ಪನೆಯ ಇನ್ನೊಂದು ತುಂಡು ಹಾಕಿ ತಾನೇ ಕಡೆದುಕೊಟ್ಟ. ಅವನ ತಾಯಿಯೂ ಬಡತನದಲ್ಲಿ ಏನನ್ನೋ ಕುಟ್ಟಿದವಳಿರಬೇಕು.

ಹಾಗಂತ ಸುಖವಾಗಿದ್ದೆ ಅಂತಲ್ಲ. ದಿನವೆಲ್ಲ ನಿಂತು ಬಂದವನು ಮತ್ತೆ ನಿಂತುಕೊಂಡು ಬೇಳೆ ಆರಿಸಬೇಕು, ಈರುಳ್ಳಿ ಹೆಚ್ಚಬೇಕು. ಒಂದೇ ಒಲೆ, ಅನ್ನವಾಗುವಷ್ಟರಲ್ಲಿ ಸಾರು ತಣ್ಣಗಾಗಿರುತ್ತಿತ್ತು, ಸಾರು ಬಿಸಿ ಮಾಡುವಷ್ಟರಲ್ಲಿ ಅನ್ನ ಕಲ್ಲಾಗಿರುತ್ತಿತ್ತು. ಉಂಡ ಮೇಲೆ ಪಾತ್ರೆ. ಎಷ್ಟೋ ಸಲ ತಟ್ಟೆಯ ಮುಂದೆ ಕೂತು, ಉಣ್ಣುವುದಕ್ಕೂ ತ್ರಾಣವಿಲ್ಲದೆ ಗೋಡೆ ನೋಡುತ್ತಿದ್ದೆ. ಮಾಲೂರಿನಲ್ಲಿ ಇಷ್ಟು ವರ್ಷ ಅಮ್ಮ ತಟ್ಟೆ ತಂದಿಟ್ಟಾಗ 'ಸಪ್ಪೆ' ಅಂತ ಒಂದೇ ಮಾತು ಅಂದು ಎದ್ದುಹೋದದ್ದು ನೆನಪಾಗಿ ನಾಚಿಕೆಯಾಗುತ್ತಿತ್ತು.

ಏಳನೆಯ ತಿಂಗಳಲ್ಲಿ ಕಾಗದ ಬಂತು, ಅಕ್ಷರ ಅಪ್ಪನದು. ಅಂಚಿನಲ್ಲಿ ಏನೂ ಇಲ್ಲ. ಅದರ ನಂತರದ್ದೂ ಅಪ್ಪನದೇ. 'ಇಲ್ಲಿ ಎಲ್ಲರೂ ಕ್ಷೇಮ, ಮಳೆ ಪರವಾಗಿಲ್ಲ, ರಾಗಿ ಪೈರು ಎದ್ದಿದೆ.' ಪಾರ್ವತಿಯ ಹೆಸರೇ ಇಲ್ಲ. ಅಂಚಿನ ಗುಟ್ಟು ಬಯಲಾಗಿ ಮನೆಯಲ್ಲಿ ರಾದ್ಧಾಂತವಾಯಿತೇ, ಮುನಿಸಿಕೊಂಡು ಹೋಳೂರಿಗೆ ಹೋದಳೇ, ಅಥವಾ ಬೇರೆ ಏನಾದರೂ? ಆ ವಾರ ನಾನು ಒಲೆ ಹಚ್ಚಲಿಲ್ಲ. ಬ್ರೆಡ್ಡು ತಿಂದೆ. ಕೊನೆಗೆ ತಡೆಯಲಾರದೆ, ಊರಿನ ಕೋಣೆಗೆ ಅಂತ ಕೂಡಿಟ್ಟ ದುಡ್ಡಿನಲ್ಲಿ ತೆಗೆದು, ಶನಿವಾರ ಅಲ್ಲಿಯ ಅಂಚೆ ಕಚೇರಿಗೆ ಹೋಗಿ ಇಟ್ಟಿಗೆ ಗೂಡಿನ ಆಫೀಸಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಮೂರು ನಿಮಿಷ. ಎರಡು ಗಂಟೆ ಕಾದ ಮೇಲೆ ಸಮುದ್ರದ ತಳದಿಂದ ಬಂದಂತೆ ಅಪ್ಪನ ದನಿ ಬಂತು.

"ಯಾರು? ಯಾರ್ರೀ ಅದು?"

"ನಾನಪ್ಪಾ!"

"ಏನ್ಲಾ! ಏನಾಯ್ತೋ? ಊಟ ಮಾಡ್ತಿದ್ದೀಯೇನೋ?"

"ಮಾಡ್ತಿದ್ದೀನಪ್ಪಾ. ಪಾರ್ವತಿ ಹೇಗಿದ್ದಾಳೆ?"

"ಆಂ? ಕೇಳಿಸ್ತಾ ಇಲ್ಲ ಕಣೋ! ಸಾರಿಗೆ ಹುಣಸೇಹಣ್ಣು ಸಿಕ್ತಾ? ನಿಮ್ಮಮ್ಮ ಕೇಳ್ತಿದ್ಲು!"

"ಪಾರ್ವತಿ! ಪಾರ್ವತಿ ಹೇಗಿದ್ದಾಳೆ ಅಂದೆ!"

ತಂತಿಯಲ್ಲಿ ಅಪ್ಪ ಕೆಮ್ಮಿದ್ದು ಕೇಳಿಸಿತು. ಆಮೇಲೆ ಅಪ್ಪ, ಸಾಹುಕಾರರ ಮುಂದೆ ಮಾತಾಡುವ ದನಿಯಲ್ಲಿ, "ಎಲ್ಲ ಚೆನ್ನಾಗಿದ್ದಾರೆ. ದುಡ್ಡು ದಂಡ ಮಾಡ್ಬೇಡ. ಹೊಟ್ಟೆ ತುಂಬಾ ಉಣ್ಣು" ಅಂದರು. ಲೈನು ಕಟ್ಟಾಯಿತು. ಸುತ್ತ ಕೂತಿದ್ದ ಜರ್ಮನರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಬ್ಬ ಹೆಂಗಸು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟಳು. ಬಹುಶಃ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡಿರಬೇಕು.

ಮೂರು ವಾರದ ಮೇಲೆ ಪಾರ್ವತಿಯ ಕಾಗದ ಬಂತು. ಅಕ್ಷರಗಳು ಓರೆಯಾಗಿದ್ದವು. ಅಂಚಿನಲ್ಲಿ ಹೀಗಿತ್ತು: 'ಟೈಫಾಯಿಡ್ ಆಗಿತ್ತು. ನಿಮಗೆ ಹೇಳಬಾರದು ಅಂದರು. ಈಗ ವಾಸಿ. ಬರೀ ಗಂಜಿ ಕೊಡ್ತಾರೆ. ನೀವು ಮಾಡಿದ ಸಾರಿನ ವಿಷಯ ಮಾವ ಓದುವಾಗ ಬಾಯಲ್ಲಿ ನೀರು ಬರ್ತಿತ್ತು.' ಕಾಗದ ಹಿಡಿದುಕೊಂಡು ಮಂಚದ ಮೇಲೆ ಕೂತು ಅತ್ತುಬಿಟ್ಟೆ. ಕೆಳಗಿನ ಮುದುಕಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು ನೋಡಿದಳು. ಈರುಳ್ಳಿ ಅಂತ ಕೈಸನ್ನೆ ಮಾಡಿದೆ. ಕೋಣೆಯಲ್ಲಿ ಈರುಳ್ಳಿ ಇರಲಿಲ್ಲ. ಅವಳು ಇಳಿದುಹೋಗಿ, ಒಂದು ಬಟ್ಟಲು ಆಲೂಗಡ್ಡೆಯ ಗಂಜಿಯಂಥದ್ದನ್ನು ತಂದಿಟ್ಟಳು. ಉಪ್ಪು ಕಡಿಮೆಯಿತ್ತು. ಪೂರ್ತಿ ಕುಡಿದೆ.

ಹತ್ತು ತಿಂಗಳು ಮುಗಿಸಿ ಮಾಲೂರು ಸ್ಟೇಷನ್ನಿನಲ್ಲಿ ಇಳಿದಾಗ ಅಪ್ಪ, ಅಮ್ಮ, ಅವರ ಹಿಂದೆ ಪಾರ್ವತಿ ನಿಂತಿದ್ದರು. ಜ್ವರದಲ್ಲಿ ಕೂದಲು ಉದುರಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಸೀರೆಗೆ ಮೈಯೇ ಸಾಲುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಹೋಗಿ ಒಲೆ ಮುಂದೆ ಕೂತೆ.

"ಥೂ, ಎದ್ದೇಳೋ! ಗಂಡಸು ಒಲೆ ಮುಂದೆ ಕೂತ್ರೆ ನೋಡ್ದೋರು ಏನಂತಾರೆ?" ಅಂದಳು ಅಮ್ಮ.

"ಹತ್ತು ತಿಂಗಳು ಕೂತಿದ್ದೆ, ಯಾರೂ ಏನೂ ಅನ್ನಲಿಲ್ಲ."

"ಅದು ಪರದೇಶ ಕಣೋ!"

ಅಮ್ಮ ಬಾಗಿಲಲ್ಲೇ ನಿಂತಳು. ಸೌದೆ ಒಲೆ ನನ್ನ ಮಾತು ಕೇಳಲಿಲ್ಲ; ಹೊಗೆಗೆ ಕಣ್ಣು ಕೆಂಪಾಯಿತು. ಆದರೂ ಪಾಲಕಿನ ಬಸ್ಸಾರು ಮಾಡಿದೆ, ಅನ್ನ ಮಾಡಿದೆ. ಪಾರ್ವತಿಗೆ ಮೊದಲು ಬಡಿಸಿದೆ. ಅತ್ತೆ ಮಾವ ಉಣ್ಣುವ ಮೊದಲು ಸೊಸೆ ಉಣ್ಣುವುದುಂಟೇ ಅಂತ ಅವಳು ತಟ್ಟೆ ಮುಟ್ಟಲಿಲ್ಲ. ಆಗ ಅಮ್ಮನೇ, "ತಿನ್ನೇ, ಆರೋಗುತ್ತೆ" ಅಂದಳು. ತಿಂದಳು. ಎರಡನೆಯ ಸಲ ತಟ್ಟೆ ಮುಂದೆ ಸರಿಸಿದಳು. ಟೈಫಾಯಿಡ್ ಆದಾಗಿನಿಂದ ಹೀಗೆ ಉಂಡಿರಲಿಲ್ಲವಂತೆ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೊಗೆಯನ್ನು ಬೈದಳು. ನಡುಮನೆಯಿಂದ ಅಪ್ಪ ಕೆಮ್ಮಿ, "ನಂಗೂ ಒಂಚೂರು ಹಾಕ್ಕೊಡು, ನೋಡೋಣ" ಅಂದರು.

ಮೇಲಿನ ಕೋಣೆಯೂ ಎದ್ದಿತು. ಟ್ರಂಕ್ ಕಾಲಿಗೆ ದುಡ್ಡು ಹೋದದ್ದರಿಂದ ಕದ ಬರುವುದು ಒಂದು ವರ್ಷ ತಡವಾಯಿತು. ಅಲ್ಲಿಯವರೆಗೆ ಹಳೆಯ ಜಮಖಾನ ಇಳಿಬಿಟ್ಟಿದ್ದೆವು.

ಆದರೆ ಅಂದು ಆ ಸಾರು ಮಾಡಿದ್ದೇ ಮಾಡಿದ್ದು. 'ನಮ್ಮೋರಿಗೆ ಅಡುಗೆ ಅಂದ್ರೆ ಪ್ರಾಣ' ಅಂತ ಪಾರ್ವತಿ ಹೋಳೂರಿನಲ್ಲೆಲ್ಲ ಹೇಳಿಬಿಟ್ಟಿದ್ದಾಳೆ. ವಾರಕ್ಕೊಂದು ರಜೆ, ಆ ಭಾನುವಾರ ಸೌಟು ನನ್ನ ಕೈಯಲ್ಲಿ. ಶ್ರೀನಿವಾಸಪುರದ ಷಡ್ಡಕ ಹೆಂಡತಿ ಮಕ್ಕಳ ಸಮೇತ ಬಸ್ಸಿಳಿದು, "ಭಾವ, ನಿಮ್ಮ ಕೈ ರುಚಿ ನೋಡೋಣ ಅಂತ ಬಂದ್ವಿ" ಅಂತ ಜಗಲಿಯ ಮೇಲೆ ಕಾಲು ಚಾಚುತ್ತಾನೆ. ನಿಜ ಹೇಳಬೇಕೆಂದರೆ ನನಗೆ ಅಡುಗೆ ಎಂದರೆ ಆಗುವುದಿಲ್ಲ. ಆ ಹತ್ತು ತಿಂಗಳಲ್ಲೇ ಬೇಜಾರಾಗಿ ಹೋಗಿತ್ತು. ಹೋದ ಭಾನುವಾರ ಅದನ್ನು ಹೇಳಿಬಿಡಬೇಕು ಅಂತ ಧೈರ್ಯ ತಂದುಕೊಂಡು ಪಾರ್ವತಿಯ ಹತ್ತಿರ ಹೋದೆ. ಅವಳು ತಲೆಯೆತ್ತಿ, "ಏನು?" ಅಂದಳು. "ಬೆಳ್ಳುಳ್ಳಿ ಎಲ್ಲಿದೆ?" ಅಂದೆ.