ಉತ್ತರಕ್ಕೆ ತಲೆ ಹಾಕದೆ ಎದೆ ಬೆಳೆಸಿದ್ದು

ದೇವರು ನನಗೆ ದೊಡ್ಡ ದೊಡ್ಡದೇನನ್ನೂ ಕೊಟ್ಟಿಲ್ಲ, ಕೊಡು ಎಂದು ನಾನು ಕೇಳಿದವಳೂ ಅಲ್ಲ. ಕಾವೇರಿ ನೀರು ಬರುವ ದಿನ ಕರೆಂಟೂ ಇದ್ದರೆ ಅದೊಂದು ಕೃಪೆ, ಒಲೆಯ ಮೇಲಿಟ್ಟ ಹಾಲು ಉಕ್ಕುವ ಮೊದಲೇ ನೆನಪಾದರೆ ಇನ್ನೊಂದು ಕೃಪೆ. ಹೀಗೆ ಸಣ್ಣಪುಟ್ಟದ್ದನ್ನೇ ಲೆಕ್ಕ ಹಾಕಿಕೊಂಡು ಸಂಜೆ ದೀಪ ಹಚ್ಚುವ ಹೆಂಗಸು ನಾನು. ಆದರೆ ಈ ವರ್ಷ ಆ ಲೆಕ್ಕಕ್ಕೆ ಸೇರಿದ ಒಂದು ಕೃಪೆಯನ್ನು ಬಾಯಿಬಿಟ್ಟು ಹೇಳಲು ಸ್ವಲ್ಪ ನಾಚಿಕೆ, ಹೇಳದಿರಲು ಆಗದಷ್ಟು ಹೆಮ್ಮೆ. ಅದು ನನ್ನ ಮೈದುನನ ಎದೆ. ಅದನ್ನು ಬೆಳೆಸಲು ಯಾವ ಬೆಂಚ್ ಪ್ರೆಸ್ ಸರಿ, ಯಾವುದು ಬೇಡ ಎಂದು ಆರಿಸಿದವಳು ನಾನು. ವಿಜಯನಗರದಲ್ಲಿ ಇಷ್ಟೊಂದು ಜಿಮ್ಮುಗಳಿರುವಾಗ ಹುಳಿ ಕುದಿಸುವವಳಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಮ್ಮ ಯಜಮಾನರೂ ಅದನ್ನೇ ಕೇಳಿದ್ದರು.

ಮಂಜ ನಮ್ಮ ಯಜಮಾನರ ಕಡೆಯ ತಮ್ಮ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವನು, ನನ್ನ ಕೈಯ ಮುದ್ದೆ, ಬಸ್ಸಾರು ಉಂಡೇ ಆಳೆತ್ತರ ಬೆಳೆದ. ಎತ್ತರವೇನೋ ಬಂತು, ಅಗಲ ಬರಲಿಲ್ಲ. ಅವನಿಗೋ ಪೊಲೀಸ್ ಆಗಲೇಬೇಕೆಂಬ ಆಸೆ. ಕಳೆದ ಸಲ ಓಟದಲ್ಲಿ ಮುಂದೆ ಬಂದವನು ಎದೆ ಅಳತೆಯಲ್ಲಿ ಬಿದ್ದುಹೋದ. ಟೇಪು ಹಿಡಿದವರು, "ಉಸಿರು ಎಳ್ಕೊಳಪ್ಪಾ" ಅಂದರಂತೆ. ಇವನು, "ಎಳ್ಕೊಂಡೇ ಇದೀನಿ ಸಾರ್" ಅಂದನಂತೆ. ಅವರು ಟೇಪನ್ನು ಸುತ್ತಿಟ್ಟು ಮುಂದಿನವನನ್ನು ಕರೆದರು. ಮನೆಗೆ ಬಂದವನು ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದ, ಒಂದು ತುತ್ತೂ ಬಾಯಿಗಿಡಲಿಲ್ಲ. "ಇನ್ನೊಂದೇ ಸಲ ಅತ್ತಿಗೆ. ಆಮೇಲೆ ವಯಸ್ಸು ಮೀರಿಹೋಗುತ್ತೆ" ಎಂದ. 

ಹಗಲೆಲ್ಲ ರಾಜಾಜಿನಗರದ ಅಂಗಡಿಯೊಂದರಲ್ಲಿ ಅವನ ಕೆಲಸ, ಜಿಮ್ಮಿಗೆ ಹೋಗಲು ಹೊತ್ತಿಲ್ಲ. ಹಾಗಾಗಿ ಮಾರೇನಹಳ್ಳಿಯಲ್ಲಿ ಮುಚ್ಚಿದ ಜಿಮ್ಮೊಂದರಿಂದ ಹಳೆಯ ಬೆಂಚು, ಸರಳು, ಅದನ್ನು ಕೂರಿಸುವ ಕಂಬ, ಕಬ್ಬಿಣದ ಬಿಲ್ಲೆಗಳು, ಒಂದೊಂದು ಕೈಯಲ್ಲಿ ಹಿಡಿದೆತ್ತುವ ಡಂಬೆಲ್ಸು ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಬಂದ. ಅಲ್ಲಿನ ಮಾಸ್ಟರು ಫೋನಿನಲ್ಲೇ ಹೇಳಿಕೊಡುತ್ತೇನೆ ಎಂದಿದ್ದರು. ಒಳ್ಳೆಯ ಮನುಷ್ಯ. ತೊಂದರೆ ಬಂದದ್ದು ಅವರಿಂದಲ್ಲ, ನಮ್ಮ ಕೋಣೆಯಿಂದ. ಆ ಸರಳು ಆಳಿಗಿಂತ ಉದ್ದ, ನಮ್ಮ ಕೋಣೆಯಲ್ಲಿ ಒಂದೇ ದಿಕ್ಕಿಗೆ ಹಿಡಿಸುತ್ತದೆ. ಹಾಗೆ ಇಟ್ಟರೆ ಅದರ ಕೆಳಗೆ ಬೆಂಚಿನ ಮೇಲೆ ಮಲಗಿ ಎತ್ತುವವನ ತಲೆ ಒಂದೋ ಉತ್ತರಕ್ಕೆ ಬರಬೇಕು, ಇಲ್ಲವೋ ದಕ್ಷಿಣಕ್ಕೆ. ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ದಕ್ಷಿಣಕ್ಕೆ ಹಾಕೋಣವೆಂದರೆ ಕಾಲು ಸೀದಾ ಉತ್ತರದ ಗೋಡೆಗೆ, ಗೋಡೆಯ ಆಚೆ ದೇವರ ಮನೆ!

"ಅತ್ತಿಗೆ, ನಾನೇನು ನಿದ್ದೆ ಮಾಡ್ತೀನಾ? ಎಕ್ಸರ್‌ಸೈಜು ಕಣ್ರೀ ಇದು."

"ಬೆನ್ನು ಹಲಗೆಗೆ ತಾಗಿದ್ಮೇಲೆ ಮಲಗಿದ ಹಾಗೇ ಕಣೋ. ಅದೂ ಎದೆ ಮೇಲೆ ಅಷ್ಟು ಭಾರ ಇಟ್ಕೊಂಡು, ತಲೆ ಉತ್ತರಕ್ಕೆ! ಯಮ ಬಂದ್ರೆ ಅವನಿಗೆ ಕೆಲಸಾನೇ ಇರಲ್ಲ."

"ಹಾಗಾದ್ರೆ ಚಪ್ಪಟೆ ಮಲಗಿ ಎತ್ತೋ ಫ್ಲಾಟ್ ಬೆಂಚ್ ಹೆಂಗೆ ಮಾಡ್ಲಿ?"

"ಮಾಡ್ಬೇಡ. ಬೇರೆ ಏನಿದೆ ನೋಡು."

ಬೇರೆ ಏನಿದೆ ಎಂದು ನೋಡಲು ನಾನೇ ಅವನ ಫೋನು ಹಿಡಿದು ಕೂತೆ. ಅಬ್ಬಬ್ಬಾ, ಒಂದು ಎದೆಗೆ ಎಷ್ಟು ಬಗೆ! ದೋಸೆಯಲ್ಲೂ ಇಷ್ಟಿಲ್ಲ. ಡಿಕ್ಲೈನ್ ಎಂಬುದರಲ್ಲಿ ತಲೆ ಕೆಳಗೆ, ಕಾಲು ಮೇಲೆ. ಬಾವಲಿಯ ಹಾಗೆ ನೇತುಬೀಳುವವನು ಪೊಲೀಸ್ ಆಗುವುದು ಬೇಡ ಎಂದು ಅದನ್ನು ಆಗಲೇ ತಳ್ಳಿಹಾಕಿದೆ. ಕೈ ಹತ್ತಿರ ಹಿಡಿದು ಎತ್ತುವುದೊಂದಿತ್ತು, ಅದು ಎದೆಗಿಂತ ತೋಳಿಗೇ ಜಾಸ್ತಿಯಂತೆ. ಟೇಪು ಸುತ್ತುವುದು ತೋಳಿಗಲ್ಲವಲ್ಲ, ಅದೂ ಬೇಡ. ಆಮೇಲೆ ಕಣ್ಣಿಗೆ ಬಿತ್ತು ಇನ್‌ಕ್ಲೈನ್. ಬೆಂಚಿನ ಬೆನ್ನನ್ನು ಮೇಲಕ್ಕೆತ್ತಿ, ಆರಾಮ ಕುರ್ಚಿಯಲ್ಲಿ ಒರಗಿದಂತೆ ಒರಗಿ ಎತ್ತುವುದು. ಒರಗಿದವನು ಮಲಗಿದವನಲ್ಲ! ತಲೆ ಉತ್ತರದ ಕಡೆಗಿದ್ದರೂ ಅದು ಕೂತವನ ತಲೆ, ಕಾಲು ದೇವರ ಕಡೆಗೂ ಇಲ್ಲ. ಇನ್ನು ಡಂಬೆಲ್ಸ್‌ಗೆ ಉದ್ದದ ಸರಳೇ ಇಲ್ಲವಾದ್ದರಿಂದ ಬೆಂಚನ್ನು ತಿರುಗಿಸಿ, ಪೂರ್ವಕ್ಕೆ ತಲೆ ಹಾಕಿ ಚಪ್ಪಟೆಯಾಗಿ ಮಲಗಿಯೂ ಎತ್ತಬಹುದು. ನನಗೆ ನನ್ನ ಬುದ್ಧಿಯ ಮೇಲೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು.

ಮಂಜ ಮಾಸ್ಟರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ. ಅವರು ನಕ್ಕು ನಕ್ಕು ಸುಸ್ತಾಗಿ, "ಮಗಾ, ನಿಮ್ಮತ್ತಿಗೆ ಆರಿಸಿರೋದು ತಪ್ಪಲ್ಲ ಕಣೋ. ಇನ್‌ಕ್ಲೈನ್‌ಗೆ ಎದೆ ಮೇಲ್ಗಡೆ ತುಂಬುತ್ತೆ, ಡಂಬೆಲ್ಸ್ ಕೆಳಗೆ ಇಳಿಸುವಾಗ ಚೆನ್ನಾಗಿ ಹಿಗ್ಗುತ್ತೆ. ಆದ್ರೆ ಫ್ಲಾಟೂ..." ಎನ್ನುವಷ್ಟರಲ್ಲಿ ನಾನು, "ತುಂಬಾ ಉಪಕಾರ ಆಯ್ತಪ್ಪ, ದೇವರು ಚೆನ್ನಾಗಿಟ್ಟಿರಲಿ" ಎಂದು ಮಾತು ಮುಗಿಸಿದೆ.

ಶನಿವಾರ ಗುಡಿಗೆ ಹೋಗುವುದೊಂದು ಬಿಟ್ಟರೆ ಅಂದಿನಿಂದ ದಿನಾ ಬೆಳಿಗ್ಗೆ ನನಗೆ ಎರಡು ಪೂಜೆ. ದೇವರಿಗೆ ಹೂವಿಟ್ಟು, ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡು ಬೆಂಚಿನ ಹಿಂದೆ ನಿಲ್ಲುವುದು. ಕೈಸೋತರೆ ಸರಳು ಹಿಡಿಯಲು ಒಬ್ಬರು ಬೇಕೇ ಬೇಕಂತೆ. ಶ್ಲೋಕ ನನ್ನ ಬಾಯಲ್ಲಿ ನಡೆದೇ ಇರುತ್ತಿತ್ತು. ಒಂದು ದಿನ ಮಂಜ ಮುಖವೆಲ್ಲ ಕೆಂಪಗೆ ಮಾಡಿಕೊಂಡು, "ಅತ್ತಿಗೆ, ಶ್ಲೋಕ ಆಮೇಲೆ, ಮೊದಲು ಹಿಡೀರಿ!" ಎಂದು ಕಿರುಚಿದ. ಹಿಡಿದೆ. ಸೀರೆ ಸೊಂಟಕ್ಕೆ ಸಿಕ್ಕಿಸಿ ಹೇಗೆ ಎತ್ತಿದೆನೋ ಆ ಭಗವಂತನಿಗೇ ಗೊತ್ತು. ಊಟಕ್ಕೆ ಮೊಳಕೆ ಹುರುಳಿಕಾಳಿನ ಸಾರು, ಮೊಸರು, ಕಡಲೆಕಾಯಿ. ಯಜಮಾನರು ತಟ್ಟೆ ನೋಡಿ, "ನನ್ನೆದೆ ಅಳೆಯೋರು ಯಾರೂ ಇಲ್ಲ ಕಣೇ, ನನಗೊಂದು ದಿನ ಬೇರೆ ಸಾರು ಮಾಡು" ಎನ್ನುತ್ತಿದ್ದರು. ತಿಂಗಳುಗಳು ಕಳೆದಂತೆ ಮಂಜನ ಅಂಗಿಯ ಗುಂಡಿಗಳು ಬಿಗಿದವು. ಒಂದು ಕಿತ್ತೇ ಬಂತು. ಅದನ್ನು ಹೊಲಿಯುವಾಗ ನನಗಾದ ಸಂತೋಷ, ನನ್ನ ಮದುವೆಯ ರವಿಕೆ ಹೊಲಿಸಿದಾಗಲೂ ಆಗಿರಲಿಲ್ಲ.

ಅಳತೆಯ ದಿನ ನಾನು ದೇವರ ಮನೆ ಬಿಟ್ಟು ಏಳಲಿಲ್ಲ. ಕಾಲು ಜೋಮು ಹಿಡಿದಿತ್ತು. ಮಧ್ಯಾಹ್ನ ಫೋನು ಬಂತು. "ಅತ್ತಿಗೆ, ಆಯ್ತು! ಟೇಪು ಹಿಡಿದೋರು, ಸಾಕು ಉಸಿರು ಬಿಡಯ್ಯಾ ಅಂದ್ರು!" ನಾನು ಏನು ಹೇಳಿದೆನೋ ನೆನಪಿಲ್ಲ, ಅತ್ತದ್ದು ಮಾತ್ರ ನೆನಪಿದೆ. ಬರೆಯುವ ಪರೀಕ್ಷೆ ಇನ್ನೂ ಬಾಕಿಯಿದೆ, ಅದಕ್ಕೆ ತಲೆ ಅವನದೇ ಆಗಬೇಕು. ಎದೆಯಂತೂ ನಮ್ಮ ಮನೆಯದು.

ಸಂಜೆ ಕೇಸರಿಬಾತು ತಿನ್ನುತ್ತಾ ಯಜಮಾನರು ಹಿಗ್ಗಿನಲ್ಲಿ, "ಅಂತೂ ನಾನು ಬೆಳಿಗ್ಗೆ ಬೆಳಿಗ್ಗೆ ಎದ್ದು ಸರಳು ಹಿಡಿದಿದ್ದು ಸಾರ್ಥಕ ಆಯ್ತು ಬಿಡೋ" ಅಂದುಬಿಟ್ಟರು. ಮಂಜ ಕೆಮ್ಮಿದ.

"ನೀವು ಯಾವತ್ತು ಹಿಡಿದ್ರಿ?" ಎಂದೆ.

ಯಜಮಾನರು ಇನ್ನೊಂದು ಚಮಚ ಕೇಸರಿಬಾತು ಬಡಿಸಿಕೊಂಡರು. ಕೊನೆಗೆ ಮಂಜನೇ ಬಾಯಿಬಿಟ್ಟ. "ನೀವು ಶನಿವಾರ ಆಂಜನೇಯನ ಗುಡಿಗೆ ಹೋಗ್ತಿದ್ರಲ್ಲ ಅತ್ತಿಗೆ, ಆವಾಗ. ಫ್ಲಾಟ್ ಬೆಂಚ್ ಪೂರ್ತಿ ಬಿಡ್ಬೇಡ ಅಂತ ಮಾಸ್ಟ್ರು ಹೇಳಿದ್ರು."

"ತಲೆ?"

"ಉತ್ತರಕ್ಕೇ. ದೇವರ ಕಡೆ ಕಾಲು ಹಾಕೋಕೆ ಧೈರ್ಯ ಬರ್ಲಿಲ್ಲ."

ಎರಡು ದಿನ ಇಬ್ಬರ ಹತ್ತಿರವೂ ಮಾತಾಡಲಿಲ್ಲ. ಶನಿವಾರ ಗುಡಿಗೆ ಹೋಗಿ, "ಸ್ವಾಮೀ, ತಿಳಿಯದ ಮಂದಿ, ಅಣ್ಣತಮ್ಮಂದಿರಿಬ್ಬರನ್ನೂ ಕ್ಷಮಿಸು" ಎಂದು ಬೇಡಿಕೊಂಡೆ. ತೀರ್ಥಕ್ಕೆ ಕೈ ಒಡ್ಡಿ ನಿಂತಿದ್ದಾಗ ಹಿಂದಿನ ಬೀದಿಯ ವಿಮಲಮ್ಮ ಪಕ್ಕಕ್ಕೆ ಬಂದರು. ಅವರ ಮಗನೂ ಮುಂದಿನ ಸಲ ಪೊಲೀಸ್ ಅಳತೆಗೆ ಹೋಗುವವನು. "ನಿಮ್ಮ ಮೈದುನನ ಎದೆ ನೋಡ್ದೆ ಕಣ್ರೀ, ಬಾಗಿಲು ತುಂಬುತ್ತೆ! ಏನು ಮಾಡಿಸಿದ್ರಿ ಹೇಳ್ರೀ" ಎಂದರು. ಎದುರಿಗೆ ಆಂಜನೇಯ, ಅಂಗೈಯಲ್ಲಿ ತೀರ್ಥ. ಇರುವುದನ್ನು ಇರುವ ಹಾಗೇ ಹೇಳಿಬಿಡೋಣ ಎಂದೇ ಬಾಯಿ ತೆರೆದೆ.

"ಇನ್‌ಕ್ಲೈನ್ ಕಣ್ರೀ, ಜೊತೆಗೆ ಡಂಬೆಲ್ಸು. ಎಲ್ಲಾ ನಾನೇ ಆರಿಸಿ ಕೊಟ್ಟಿದ್ದು" ಎಂದಿತು ಬಾಯಿ. ಆಮೇಲೆ ಪಾಪ, ಅವರ ಹುಡುಗನ ಎದೆಯೂ ಬೆಳೆಯಬೇಕಲ್ಲ ಎನಿಸಿ ಮೆಲ್ಲಗೆ ಸೇರಿಸಿದೆ: "ಶನಿವಾರ ಬೆಳಿಗ್ಗೆ ಮಾತ್ರ ನೀವು ಮನೇಲಿರ್ಬೇಡಿ, ಇಲ್ಲಿಗೆ ಬಂದ್ಬಿಡಿ. ಪ್ರದಕ್ಷಿಣೆ ಸ್ವಲ್ಪ ನಿಧಾನವಾಗೇ ಹಾಕಿ."