ರಾಯಭಾರಿಯ ತಲೆಗೆ ರುಮಾಲು

ನಾನು ಎಲ್ಲಿ ಕಾರ್ಯದರ್ಶಿಯಾಗುತ್ತೇನೋ ಅಲ್ಲಿ ಒಂದು ಎಡವಟ್ಟು ಆಗೇ ಆಗುತ್ತದೆ. ಈ ಸಲ ಮಸ್ಕಿಯಲ್ಲಿ ನಮ್ಮ ಭಾಗದ ದಿವಂಗತ ರಾಯಭಾರಿಯೊಬ್ಬರ ಜನ್ಮಶತಮಾನೋತ್ಸವ. ಮಂತ್ರಿಗಿರಿ ಮಾಡಿ, ನಾಲ್ಕಾರು ದೇಶಗಳಲ್ಲಿ ಭಾರತದ ಪರವಾಗಿ ಮಾತಾಡಿ ಬಂದ ಮುತ್ಸದ್ದಿ. ಇತಿಹಾಸ ಮಾಸ್ತರನಾಗಿ ನಿವೃತ್ತನಾದ ನನಗೆ ಉತ್ಸವ ಸಮಿತಿಯವರು ಎರಡು ಕೆಲಸ ಅಂಟಿಸಿದರು: ಅವರ ಜೀವನಚರಿತ್ರೆ ಬರೆಯುವುದು, ಪುತ್ಥಳಿ ಮಾಡಿಸುವುದು.

೧. ಜವಳಗೇರಾದ ಸಂದರ್ಶನ

ಸಿಂಧನೂರು ದಾಟಿ ಜವಳಗೇರಾಕ್ಕೆ ಹೋಗಿ ಅವರ ದೂರದ ಸಂಬಂಧಿ ಮುದುಕರೊಬ್ಬರನ್ನು ಹಿಡಿದೆ.

"ರಾಯಭಾರಿಗಳು ಹೊರದೇಶದಾಗ ಏನು ಮಾಡ್ತಿದ್ರು, ಗೊತ್ತೇನ್ರೀ?"

"ಎರಡು ದೇಶ ಜಗಳಕ್ಕ ಬಿದ್ರ ನಡುವ ಕುಂತು ಚಾ ಕುಡೀತಿದ್ದನಂತ. ಅದಕ್ಕ ಪಗಾರ ಬ್ಯಾರೆ! ನಾ ಇಲ್ಲಿ ದಿನಾ ಕಾಲುವಿ ನೀರಿನ ಜಗಳ ಬಿಡಸ್ತೀನ್ರೀ ಮಾಸ್ತರ. ಚಾನೂ ನಾನ ಕುಡಸಬೇಕು."

೨. ಲಿಂಗಸುಗೂರಿನ ಶಿಲ್ಪಿ

ನನಗೆ ಸಿಕ್ಕಿದ ಒಳ್ಳೆಯ ಫೋಟೊ ಒಂದೇ. ನಮ್ಮವರು ವಿದೇಶಿ ಮಂತ್ರಿಯೊಬ್ಬನ ಕೈ ಕುಲುಕುತ್ತಿದ್ದರು. ಇಬ್ಬರಿಗೂ ಕೋಟು. ಪುತ್ಥಳಿಗೆಂದು ಅದನ್ನೇ ಕಳಿಸಿದೆ. ಲಿಂಗಸುಗೂರಿನ ಶಿಲ್ಪಿ ಫೋನ್ ಮಾಡಿ, "ಇದರಾಗ ನಮ್ಮೋರು ಯಾರ್ರೀ ಸರ?" ಎಂದ.

ನಾನು ಅಭಿಮಾನದಿಂದ, "ನೋಡಿದ ಕೂಡ್ಲೆ ದೊಡ್ಡ ಮನುಷ್ಯಾ ಅನಸ್ತಾರಲ್ಲ, ಅವರೇ" ಎಂದೆ.

ನಮ್ಮವರು ಕುಳ್ಳಗಿದ್ದರು ಎಂಬುದು ಆಗ ನೆನಪಾಗಲಿಲ್ಲ. ಸಮಾರಂಭದ ದಿನ ಬೆಳಿಗ್ಗೆ ಟಂಟಂ ಆಟೋದಿಂದ ಇಳಿದ ಪುತ್ಥಳಿ ನೋಡಿದರೆ ಗಿಣಿಮೂಗಿನ, ಗುಂಗುರು ಕೂದಲಿನ ವಿದೇಶಿ ಮಂತ್ರಿ! ಮೂವತ್ತು ವರ್ಷ ಕಾಪಾಡಿಕೊಂಡ ಮಾಸ್ತರಿಕೆಯ ಮಾನ ಆ ಮೂಗಿನ ತುದಿಯಲ್ಲಿ ನಿಂತಿತ್ತು.

ಸಮಿತಿಯ ಅಧ್ಯಕ್ಷರು ಮಾತ್ರ ಹೆದರಲಿಲ್ಲ. "ಒಂದು ರುಮಾಲು ತರ್ರಿ. ಹುಬ್ಬಿನ ಮಟ ಸುತ್ತಿದ್ರ ಯಾರಾದ್ರೂ ನಮ್ಮೋರ ಕಾಣಸ್ತಾರ."

೩. ಪಾಮನಕಲ್ಲೂರಿನ ತಂಗಿ

ರುಮಾಲು, ಮೇಲೆ ಐದು ಹಾರ. ಪುತ್ಥಳಿಯ ಪರದೆ ಸರಿಯಿತು, ಚಪ್ಪಾಳೆ ಬಿತ್ತು. ನಾನು ಉಸಿರು ಬಿಟ್ಟೆ. ಆಗ ಪಾಮನಕಲ್ಲೂರಿನಿಂದ ಬಂದಿದ್ದ, ರಾಯಭಾರಿಯವರ ಎಂಬತ್ತೆಂಟರ ತಂಗಿ ಎದ್ದು ನಿಂತರು.

"ನಮ್ಮಣ್ಣ ಜಲ್ಮದಾಗ ರುಮಾಲು ಸುತ್ತಿದಾವಲ್ಲ. ತಗೀರಿ ಅದನ್ನ."

ಅಧ್ಯಕ್ಷರು ನನ್ನನ್ನು ನೋಡಿದರು. ನಾನು ನೆಲ ನೋಡುತ್ತಾ ರುಮಾಲು ಬಿಚ್ಚಿದೆ. ಗುಂಗುರು ಕೂದಲು ಹೊರಬಿತ್ತು.

ಆ ಅಮ್ಮ ಮೂಗಿಗೆ ಚಾಳೀಸು ಕನ್ನಡಕ ಏರಿಸಿ ಪುತ್ಥಳಿಯನ್ನು ಒಂದು ಸುತ್ತು ಹಾಕಿದರು. ಬೆವರುತ್ತಿದ್ದ ನನ್ನ ಮುಖವನ್ನೂ ನೋಡಿದರು. ಆಮೇಲೆ ಮೈಕು ಹಿಡಿದು, "ಹೊರದೇಶದಾಗ ಇದ್ದು ಇದ್ದು ಅಣ್ಣ ಕಡೀಕ ಹಿಂಗ ಆಗಿದ್ದ" ಎಂದರು. ಜನ ಹೌದೌದೆಂದು ತಲೆಯಾಡಿಸಿ ಮತ್ತೆ ಚಪ್ಪಾಳೆ ತಟ್ಟಿದರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು.

ಬಗ್ಗಿದೆ. ಅವರು ನನ್ನ ಕಿವಿಯಲ್ಲಿ ಹೇಳಿದರು: "ಮಾಸ್ತರ, ಲಗೂನ ರುಮಾಲು ಸುತ್ರಿ. ಆ ದೇಶದವರು ತಮ್ಮ ಮನುಷ್ಯಾನ್ನ ಹುಡಿಕ್ಕೊಂತ ಬಂದಾರು!"