ಬಡಿಸುವ ಮಾಣಿ ಐಕಾನ್ ಆದದ್ದು

ಕೊರಳಿಗೆ ವಿಸಲ್ ಹಾಕಿಕೊಂಡವನ ಬದುಕಿನಲ್ಲಿ ನಗೆಗೆ ಬರವಿಲ್ಲ. ನಾನು ಮುಖ ಬಿಗಿದುಕೊಂಡು ನಿಂತಷ್ಟೂ ಎದುರಿಗೆ ಏನಾದರೊಂದು ನಡೆದೇ ನಡೆಯುತ್ತದೆ. ಕುಂದಾಪುರದ ಕಡೆಯ ಒಂದು ಕಾಲೇಜಿನಲ್ಲಿ ನಾನು ಪಿ.ಟಿ. ಮೇಷ್ಟ್ರು. ಆಳು ಕುಳ್ಳ, ಕಲಿಸುವುದು ಬಾಸ್ಕೆಟ್‌ಬಾಲ್. ಮದುವೆಯಾದ ಹೊಸತರಲ್ಲಿ ಹೆಂಡತಿ ಒಮ್ಮೆ ಮೈದಾನಕ್ಕೆ ಬಂದು, ನನ್ನ ಹುಡುಗರ ಎದೆಮಟ್ಟಕ್ಕೆ ನಿಂತಿದ್ದ ನನ್ನನ್ನು ನೋಡಿ, "ನೀವ್ ಇವ್ರಿಗ್ ಎಂತ ಕಲ್ಸ್ತ್ರಿ? ಕೆಳ್ಗ್ ಕಾಂಬುದಾ?" ಎಂದು ಕೇಳಿದ್ದಳು.

ಅದು ಹಾಗಿರಲಿ. ಈಗ ಹೇಳಹೊರಟಿರುವುದು ನನ್ನ ಒಬ್ಬ ಎತ್ತರದ ಶಿಷ್ಯನ ಬಗ್ಗೆ. ಅವನ ಮಾತು ಬಂದರೆ ನಾನು ಸುಮ್ಮನೆ ಕೂರುವವನಲ್ಲ.

ಸಿಕ್ಕಿದ್ದು ಊಟದ ಹೊತ್ತಿಗೆ

ಸಾಸ್ತಾನದ ಹತ್ತಿರ ಒಂದು ಮದುವೆ. ಊಟಕ್ಕೆ ಕೂತಿದ್ದೆ. ಬಡಿಸುವವರೆಲ್ಲ ಬಕೆಟ್ ಹಿಡಿದು ಎರಡು ಸಾಲಿನ ನಡುವೆ ಓಡಾಡುತ್ತಿದ್ದರೆ, ಒಬ್ಬ ಮಾತ್ರ ನಡುವೆ ನಿಂತುಕೊಂಡು ಎಡಗಡೆಯ ಎಲೆಗೂ ಬಲಗಡೆಯ ಎಲೆಗೂ ನಿಂತಲ್ಲಿಂದಲೇ ಸಾರು ಬಿಡುತ್ತಿದ್ದ. ಅಷ್ಟರಲ್ಲಿ ಯಾರದೋ ಮಗುವಿನ ಬಲೂನು ಹಾರಿ ಚಪ್ಪರದ ಅಡಿಗೆ ಸಿಕ್ಕಿಕೊಂಡಿತು. ಮಗು ಬಾಯಿ ತೆರೆಯುವ ಮೊದಲೇ ಇವನು ಒಂದು ಕೈ ಎತ್ತಿ ಬಲೂನು ಇಳಿಸಿ ಕೊಟ್ಟ. ಇನ್ನೊಂದು ಕೈಯ ಸೌಟಿನಿಂದ ಸಾರು ತುಳುಕಲಿಲ್ಲ. ನನ್ನ ಕೈಯ ತುತ್ತು ಬಾಯಿಗೆ ಹೋಗುವುದನ್ನು ಮರೆತು ನಿಂತಿತು.

ವಿಚಾರಿಸಿದೆ. ಪಕ್ಕದ ಊರಿನ ಅಡುಗೆಯವರ ಮನೆಯ ಹುಡುಗ. ಪಿಯುಸಿ ಮುಗಿಸಿ ಅಪ್ಪಯ್ಯನ ಜೊತೆ ಬಡಿಸುವುದಕ್ಕೆ ಇಳಿದಿದ್ದಾನೆ. ಪಾಯಸ ಹಿಡಿದು ನನ್ನ ಎಲೆಯ ಮುಂದೆ ಬಂದಾಗ ತಡೆಯಲಾಗಲಿಲ್ಲ.

"ಹ್ವಾಯ್ ಮಾಣಿ, ಬಾಸ್ಕೆಟ್‌ಬಾಲ್ ಆಡ್ತ್ಯಾ?"

"ಪಾಯ್ಸ ಹಾಕ್ಲಾ?"

"ಪಾಯ್ಸ ಇರ್ಲಿ. ಚೆಂಡ್ ಹಿಡ್ದ್ ಗೊತ್ತಿತ್ತಾ?"

"ಪಾಯ್ಸ ಇರ್ಲಿ" ಎಂದದ್ದಷ್ಟೇ ಅವನಿಗೆ ಬೇಕಾಗಿತ್ತು. ಪಕ್ಕದ ಎಲೆಗೆ ದಾಟಿಬಿಟ್ಟ. ಆ ದಿನ ನಮ್ಮ ಕಾಲೇಜಿಗೆ ಸೆಂಟರ್ ಆಟಗಾರ ಸಿಕ್ಕಿದ, ನನಗೆ ಪಾಯಸ ಸಿಗಲಿಲ್ಲ.

ಕಂಬವೋ, ಡ್ರೈವರೋ?

ಅವನು ನಮ್ಮ ಕಾಲೇಜಿಗೆ ಸೇರಿ, ಆಟ ಕಲಿತು, ಡಿಗ್ರಿ ಮುಗಿಸಿ ಮತ್ತೆ ಬಕೆಟ್ ಹಿಡಿದ. ಆಟ ಬಿಡಲಿಲ್ಲ. ಅಷ್ಟರಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರದವರೆಲ್ಲ ಸೇರಿ ಒಂದು ಲೀಗ್ ಹುಟ್ಟಿಸಿದರು. ತಂಡಕ್ಕೊಬ್ಬ ಓನರ್. ವರ್ಷಕ್ಕೊಮ್ಮೆ ಆಟಗಾರರೆಲ್ಲ ಹರಾಜಿಗೆ. ಒಬ್ಬನನ್ನು ಮಾತ್ರ ಹರಾಜಿಗೆ ಬಿಡದೆ ತಂಡ ತನಗೇ ಇಟ್ಟುಕೊಳ್ಳಬಹುದು. ಅವನೇ ಐಕಾನ್. ತಂಡ ಕಟ್ಟುವುದು ಅವನ ಸುತ್ತ.

ಕುಂದಾಪುರ ತಂಡಕ್ಕೆ ನಾನು ಕೋಚ್. ನಮ್ಮ ಓನರ್ ಮುಂಬೈಯಲ್ಲಿ ಬಹಳ ಕಾಲ ಟೈಲ್ಸ್ ವ್ಯಾಪಾರ ಮಾಡಿ ಊರಿಗೆ ಬಂದವರು. ಒಳ್ಳೆಯ ಮನುಷ್ಯ. ಆದರೆ ವಾದಕ್ಕೆ ಕೂತರೆ ಟೈಲ್ಸ್ ಹಾಕಿದ ಹಾಗೆ, ಒಂದಕ್ಕೊಂದು ತಾಗಿಸಿ ಹಾಕುತ್ತಲೇ ಹೋಗುತ್ತಾರೆ.

"ಅರೆ ಮಾಷ್ಟ್ರೆ, ಸೆಂಟರ್ ಆಡುವವ ಹ್ಯಾಂಗ್ ಐಕಾನ್ ಆತ? ಅವ ಬುಟ್ಟಿ ಅಡಿಯಂಗ್ ನಿಂತ್ಕಂಬವ. ಯಾರಾದ್ರೂ ಚೆಂಡ್ ತಂದ್ ಕೊಟ್ರೆ ಹಾಕ್ತ, ಇಲ್ದಿದ್ರೆ ಇಲ್ಲ. ಗಾಡಿ ಹೋಯ್ಕಾರೆ ಡ್ರೈವರ್ ಬೇಕ್. ಆ ಸಿದ್ದಾಪುರದ ಮಾಣಿನ್ನ ಇಟ್ಕಂಬ."

ಸಿದ್ದಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಆ ಇನ್ನೊಬ್ಬ ಹುಡುಗ ನನ್ನಷ್ಟೇ ಕುಳ್ಳ. ಚೆಂಡು ತಟ್ಟಿಕೊಂಡು ಓಡಿದರೆ ಕಣ್ಣಿಗೆ ಸಿಗುವವನಲ್ಲ. ನನಗೂ ಅವನೆಂದರೆ ಪ್ರೀತಿಯೇ. ಆದರೆ ಬಿಟ್ಟುಕೊಡಲು ನಾನೂ ತಯಾರಿರಲಿಲ್ಲ.

"ಕಂಬ ಇಲ್ದೆ ಚಪ್ರ ಹಾಕ್ತ್ರ್ಯಾ ಧಣಿ?"

"ಚಪ್ರ ಓಡ್ತಿಲ್ಲ ಅಲ್ದಾ!"

"ಗಾಡಿ ಒಳ್ಗ್ ಮದಿ ಊಟ ಆತಿಲ್ಲ ಅಲ್ದಾ!"

ಈ ಕಂಬ ಮತ್ತು ಡ್ರೈವರ್ ವಾದ ಟೈಲ್ಸ್ ಅಂಗಡಿಯಿಂದ ಚಹಾದ ಹೋಟೆಲಿಗೆ, ಹೋಟೆಲಿನಿಂದ ಬಸ್‌ಸ್ಟ್ಯಾಂಡಿಗೆ ಹೋಯಿತು. ಕೊನೆಗೆ ಓನರ್, "ಬಾಯ್ ಮಾತ್ ಬೇಡ, ಆಟ ಕಾಂಬ" ಎಂದು ಸಂಜೆ ಅಭ್ಯಾಸಕ್ಕೆ ಬಂದು ಕುರ್ಚಿ ಹಾಕಿಸಿ ಕೂತರು. ಸಿದ್ದಾಪುರದವನು ಎದುರಿಗಿದ್ದವರನ್ನೆಲ್ಲ ತಪ್ಪಿಸಿ ಚೆಂಡನ್ನು ಬುಟ್ಟಿಗೆ ಹಾಕಿದ. ಓನರ್ ಎದ್ದು ಚಪ್ಪಾಳೆ ತಟ್ಟಿದರು. ಅವನು ನಿಲ್ಲಲಿಲ್ಲ, ಅದೇ ಓಟದಲ್ಲಿ ಬ್ಯಾಗ್ ಎತ್ತಿಕೊಂಡು, ಗೇಟು ದಾಟಿ, ಹೊರಟಿದ್ದ ಬಸ್ಸಿಗೆ ಹಾರಿದ. ಅದು ಸಿದ್ದಾಪುರಕ್ಕೆ ಕಡೇ ಬಸ್ಸು.

"ಕಾಣಿ ಧಣಿ," ಎಂದೆ, "ನಿಮ್ ಡ್ರೈವರ್ ಬೇರೆ ಗಾಡಿ ಹತ್ತಿ ಹೋದ."

ಓನರ್ ನಕ್ಕರು, ಆದರೆ ಸೋಲಲಿಲ್ಲ. ಒಂದು ಒಪ್ಪಂದವಾಯಿತು. ಈ ವರ್ಷಕ್ಕೆ ಎತ್ತರದವನೇ ಐಕಾನ್, ಸಿದ್ದಾಪುರದವನನ್ನು ಓನರ್ ಹರಾಜಿನಲ್ಲಿ ಕೊಂಡು ತರುವುದು. ಕಪ್ ಬಾರದಿದ್ದರೆ ಮುಂದಿನ ವರ್ಷ ಅವನು ಹರಾಜಿಗೆ. "ಮಾತ್ ತಪ್ಪುಕಾಗ" ಎಂದು ಕೈ ಮೇಲೆ ಕೈ ಹಾಕಿಸಿಕೊಂಡರು. ಹೂಂ ಎಂದುಬಿಟ್ಟೆ. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ನಾನು ಒಪ್ಪಿದ್ದೇನೆಂದು ಹೊಳೆಯಿತು. ನಾನು ಬಡಿಸುವ ಸಾಲಿನಿಂದ ಹಿಡಿದು ತಂದ ಹುಡುಗನನ್ನು ಇನ್ನೊಂದು ಊರಿನ ಜೆರ್ಸಿಯಲ್ಲಿ ನೋಡುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಕಪ್ಪು ಬಿಳುಪು ಫ್ಲೆಕ್ಸ್

ಐಕಾನ್ ಆದಮೇಲೆ ಫ್ಲೆಕ್ಸ್ ಆಗಬೇಕಲ್ಲ. ಓನರ್ ಒಪ್ಪಿದ ಮೇಲೆ ಅರೆಮನಸ್ಸಿನಿಂದ ಮಾಡುವವರಲ್ಲ. ಸಾಸ್ತಾನದ ಟೋಲ್ ಗೇಟಿಗಿಂತ ಸ್ವಲ್ಪ ಈಚೆ, ಹೆದ್ದಾರಿ ಬದಿಯಲ್ಲಿ ದೊಡ್ಡ ಫ್ಲೆಕ್ಸ್ ಹಾಕಿಸಿದರು. "ಇಂಟರ್‌ನ್ಯಾಷನಲ್ ಲುಕ್ ಇರ್ಕ್" ಎಂದು ಫೋಟೋ ಕಪ್ಪು ಬಿಳುಪಿನಲ್ಲಿ. ಚಂದಕ್ಕೆಂದು ಸುತ್ತಲೂ ಸೇವಂತಿಗೆ ಹೂವಿನ ಅಂಚು. ಎತ್ತರದವನು ಪೂರ್ತಿ ಹಿಡಿಯದ ಕಾರಣ ಫ್ಲೆಕ್ಸಿನವನು ಎದೆಯಿಂದ ಕೆಳಗೆ ಕತ್ತರಿಸಿ ಮುಖವನ್ನಷ್ಟೇ ದೊಡ್ಡದು ಮಾಡಿದ್ದ. ಮುಖವೂ ಗಂಭೀರ.

ಮರುದಿನ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕೈಮುಗಿಯತೊಡಗಿದರು. "ಚಿಕ್ಕ ಪ್ರಾಯ, ಪಾಪ" ಎಂದು ನನ್ನ ಎದುರೇ ಒಬ್ಬರು ಲೊಚಗುಟ್ಟಿದರು. ಸಂಜೆಯ ಹೊತ್ತಿಗೆ ಕೊಕ್ಕರ್ಣೆ ಕಡೆಯ ಒಬ್ಬ ಅಡುಗೆಯವರು ಹುಡುಗನ ಮನೆಗೇ ಫೋನ್ ಮಾಡಿದರು. ದನಿ ತಗ್ಗಿಸಿ, "ಈ ಹೊತ್ತಂಗ್ ನಿಮ್ಗ್ ಅಡ್ಗಿ ಮಾಡುಕಾತಿಲ್ಲ, ಗೊತ್ತಿತ್ತ್. ಹದ್ಮೂರ್ನೇ ದಿನದ ಊಟದ್ದ್ ನಾವ್ ಕಾಂತ್. ಬಡ್ಸುಕೆ ಮಾತ್ರ ಜನ ಕಮ್ಮಿ ಇತ್ತ್" ಎಂದರು.

ಫೋನ್ ಎತ್ತಿದವನು ಎತ್ತರದವನೇ. ಪಾಪ, ಯಾರ ಊಟ ಎಂದು ಅವನಿಗೆ ಹೊಳೆಯಲೇ ಇಲ್ಲ. ಕಸುಬಿನ ನಿಯತ್ತಿನಲ್ಲಿ, "ಅಡ್ಡಿಲ್ಲ, ಬಡ್ಸುಕೆ ನಾನೇ ಬತ್ತೆ" ಎಂದ.

"ನೀವ್ ಯಾರ್ ಮಾತಾಡುದ್?"

"ಫ್ಲೆಕ್ಸ್ ಒಳ್ಗ್ ಇಪ್ಪವ."

ಆ ಕಡೆಯಿಂದ ಫೋನ್ ಕೆಳಗೆ ಬಿದ್ದ ಸದ್ದು ಮಾತ್ರ ಕೇಳಿತಂತೆ.

ಪಂಕ್ತಿಭೇದ

ಮೊದಲ ಮ್ಯಾಚು ಬೈಂದೂರಿನ ಮೇಲೆ, ಬೈಂದೂರಿನಲ್ಲೇ. ಬೋರ್ಡಿಗೆ ಬಡಿದು ಬಂದ ಚೆಂಡೆಲ್ಲ ನಮ್ಮ ಎತ್ತರದವನ ಕೈಗೆ. ನಾನು ಬೆಂಚಿನ ಮೇಲೆ ಹತ್ತಿ ನಿಂತು ಹೆಮ್ಮೆಪಡುತ್ತಿದ್ದೆ. ಆದರೆ ಸ್ವಲ್ಪ ಹೊತ್ತಿಗೆ ಕಾಲೇಜಿನ ಆಟದಲ್ಲಿ ನಾನು ಕಾಣದ ಏನೋ ವಿಚಿತ್ರ ಕಂಡಿತು. ಅವನು ಚೆಂಡು ಹಿಡಿದವನು ತಾನು ಹಾಕುವುದಿಲ್ಲ, ಪಾಸ್ ಕೊಡುತ್ತಾನೆ. ಪಾಸ್ ಕೊಡುವುದೂ ಸಾಲಾಗಿ! ಎಡಗಡೆಯವನಿಗೆ ಒಮ್ಮೆ, ಅವನ ಪಕ್ಕದವನಿಗೆ ಒಮ್ಮೆ, ಆಮೇಲೆ ಮುಂದಿನವನಿಗೆ. ನಮ್ಮಲ್ಲಿ ಒಬ್ಬನಿದ್ದ, ಚೆಂಡು ಬಂದರೆ ಕಣ್ಣು ಮುಚ್ಚುವವನು. ಅವನ ಸರದಿಯನ್ನೂ ತಪ್ಪಿಸಲಿಲ್ಲ.

ಓನರ್ ನನ್ನ ಶರ್ಟು ಹಿಡಿದು ಜಗ್ಗಿದರು. "ಎಂತ ಮಾಷ್ಟ್ರೆ ಇದ್? ನಿಮ್ ಕಂಬ ಊರ್ ತುಂಬ ಹಂಚ್ತಾ ಇತ್ತಲೆ!"

ಇದನ್ನು ಬೈಂದೂರಿನ ಒಬ್ಬ ಗಮನಿಸಿದ. ಅವನೂ ಊಟದ ಮನೆಗಳನ್ನು ಕಂಡವನೇ ಇರಬೇಕು. ನಮ್ಮವನ ಬೆನ್ನ ಹಿಂದೆ ಬಂದು, ಎರಡೂ ಕೈ ಒಡ್ಡಿ, ಪಂಕ್ತಿಯಲ್ಲಿ ಕೂತವರು ಕರೆಯುವ ರಾಗದಲ್ಲೇ, "ಹ್ವಾಯ್, ಇಲ್ಲಿಗ್ ಬರ್ಲಿಲ್ಲ!" ಎಂದ.

ನಮ್ಮವನು ಗಾಬರಿಯಿಂದ ತಿರುಗಿ, "ತಕಣಿ ತಕಣಿ" ಎಂದು ಚೆಂಡು ಕೊಟ್ಟೇಬಿಟ್ಟ. ಅವನು ಓಡಿಹೋಗಿ ಅಂಕ ಮಾಡಿದ.

ವಿರಾಮದಲ್ಲಿ ಓನರ್ ಕುದಿಯುತ್ತಿದ್ದರು. "ಎದ್ರಿನವ್ನಿಗೂ ಕೊಟ್ಯಲಾ ಮಾರಾಯಾ!"

"ಕೈ ಒಡ್ಡಿದವ್ರಿಗ್ ಇಲ್ಲ ಅಂಬುದ್ ಹ್ಯಾಂಗ್ ಧಣಿ? ಒಬ್ರನ್ ಬಿಟ್ ಒಬ್ರಿಗ್ ಹಾಕ್ರೆ ಪಂಕ್ತಿಭೇದ ಆತ್ತ್."

ತಮಾಷೆಯೆಂದರೆ ಆ ಮ್ಯಾಚ್ ನಾವೇ ಗೆದ್ದೆವು. ಎಲ್ಲರ ಕೈಗೂ ಚೆಂಡು ಬಂದದ್ದರಿಂದ ಎಲ್ಲರೂ ಅಂಕ ಹಾಕಿದ್ದರು. ಕಣ್ಣು ಮುಚ್ಚುವವನು ಕೂಡ ಮುಚ್ಚಿಕೊಂಡೇ ಒಂದು ಹಾಕಿದ್ದ. ನಾನು ಓನರ್ ಮುಖ ನೋಡಿದೆ. "ಇದ್ ಆಟ ಅಲ್ಲ, ಅನ್ನಸಂತರ್ಪಣೆ" ಎಂದು ಗೊಣಗಿದರು. ಅಷ್ಟರಲ್ಲಿ ಕೈ ಒಡ್ಡಿದ್ದ ಆ ಬೈಂದೂರಿನವನು ಬಂದು ನಮ್ಮವನಿಗೆ ಕೈಮುಗಿದ. "ನಮ್ ತಂಗಿ ಮದಿಗೆ ಬಡ್ಸುಕೆ ನೀವೇ ಬರ್ಕ್."

ಕಡೇ ಪಂಕ್ತಿ

ಫೈನಲ್ ಬ್ರಹ್ಮಾವರದ ಮೇಲೆ. ಸಿದ್ದಾಪುರದವನು ಬಸ್ಸಿಗೆ ಓಡದಿರಲೆಂದು, ಅವನನ್ನು ಮನೆಗೆ ಬಿಡಲು ಓನರ್ ತಮ್ಮ ಕಾರನ್ನೇ ಗೇಟಿನ ಬಳಿ ನಿಲ್ಲಿಸಿಟ್ಟಿದ್ದರು. ಆಟ ಕೊನೆಗೆ ಬಂದಾಗ ನಾವು ಒಂದು ಅಂಕ ಹಿಂದೆ. ಸಿದ್ದಾಪುರದವನನ್ನು ಇಬ್ಬರು ಅಂಟಿಕೊಂಡಿದ್ದಾರೆ, ಅಲುಗಾಡಲು ಬಿಡುತ್ತಿಲ್ಲ. ಎತ್ತರದವನು ಎಂದಿನಂತೆ ಬಡಿಸುತ್ತಿದ್ದಾನೆ, ತಾನು ಒಂದನ್ನೂ ಹಾಕಿಲ್ಲ. ಟೈಮ್‌ಔಟ್ ತೆಗೆದುಕೊಂಡೆ. ಓನರ್ ನನ್ನನ್ನು ನೋಡಿದ ನೋಟದಲ್ಲೇ ಹರಾಜಿನ ಸುತ್ತಿಗೆ ಕಾಣುತ್ತಿತ್ತು.

ಎತ್ತರದವನನ್ನು ಬೆಂಚಿನ ಮೇಲೆ ಕೂರಿಸಿದೆ. ಅವನು ಕೂತರೆ ಮಾತ್ರ ನಾವಿಬ್ಬರೂ ಮುಖಾಮುಖಿ.

"ಮಾಣಿ, ಎಲ್ರಿಗೂ ಬಡ್ಸಿ ಆಯ್ತಾ?"

"ಆಯ್ತ್ ಮಾಷ್ಟ್ರೆ."

"ಯಾರನ್ನಾದ್ರೂ ಬಿಟ್ಟಿದ್ಯಾ?"

"ಯಾರನ್ನೂ ಬಿಡ್ಲಿಲ್ಲೆ."

"ಎಲ್ರದ್ದೂ ಆದ್ಮೇಲ್ ಊಟಕ್ ಕೂಕಂಬುದ್ ಯಾರ್?"

ಊರಲ್ಲಿ ಯಾವ ಊಟದ ಮನೆಗೇ ಹೋಗಿ, ಬಂದವರ ಪಂಕ್ತಿಗಳೆಲ್ಲ ಎದ್ದ ಮೇಲೆ ಒಂದು ಪಂಕ್ತಿ ಇದ್ದೇ ಇರುತ್ತದೆ. ಹುಟ್ಟಿದಾಗಿನಿಂದ ಅವನು ಉಂಡದ್ದೆಲ್ಲ ಅದರಲ್ಲೇ.

"ಬಡ್ಸಿದವ್ರ್," ಎಂದ.

"ಹಾಂಗಾರೆ ಈಗ ನಿನ್ ಪಂಕ್ತಿ. ಹೋಯ್ ಕೂಕೊ."

ಅವನ ಮುಖ ತಿಳಿಯಾಯಿತು. ಆಟ ಶುರುವಾಯಿತು. ಸಿದ್ದಾಪುರದವನು ಇಬ್ಬರ ಕಾಲಿನ ಸಂದಿಯಿಂದ ಹೇಗೋ ಚೆಂಡು ದಾಟಿಸಿದ. ಚೆಂಡು ಬುಟ್ಟಿಯ ಅಡಿಯಲ್ಲಿ ನಿಂತಿದ್ದ ನಮ್ಮವನ ಕೈಗೆ. ಎದುರಿಗೆ ಬ್ರಹ್ಮಾವರದ ಸೆಂಟರ್, ಅವನೂ ಏನು ಕಡಿಮೆ ಎತ್ತರದವನಲ್ಲ. ಬೈಂದೂರಿನ ಸುದ್ದಿ ಅವನಿಗೆ ತಲುಪಿತ್ತು. ಎರಡೂ ಕೈ ಒಡ್ಡಿ, "ಹ್ವಾಯ್! ಇಲ್ಲಿಗ್ ಬರ್ಲಿಲ್ಲ!" ಎಂದು ಕೂಗಿದ.

ನಮ್ಮವನು ಅವನತ್ತ ತಿರುಗಿದ. ಓನರ್ ಟವೆಲಿನಿಂದ ಮುಖ ಮುಚ್ಚಿಕೊಂಡರು. ನನ್ನ ವಿಸಲ್ ಬಾಯಿಂದ ಜಾರಿ ಬಿತ್ತು.

ನಮ್ಮವನು ಬಹಳ ಮರ್ಯಾದೆಯಿಂದ ಹೇಳಿದ: "ನಿಮ್ ಪಂಕ್ತಿ ಎದ್ದ್ ಆಯ್ತ್. ಕೈ ತೊಳ್ಕಣಿ." ಹೇಳಿ, ತೋಳು ಮೇಲೆತ್ತಿ, ಚಪ್ಪರದ ಬಲೂನು ಇಳಿಸಿದಷ್ಟೇ ಸಲೀಸಾಗಿ ಚೆಂಡನ್ನು ಬುಟ್ಟಿಗೆ ಹಾಕಿದ. ಆಟ ಮುಗಿಯಿತು. ಕಪ್ ನಮ್ಮದು.

ನಾನು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ. ಅವನು ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಾಗ, ಜೀವನದಲ್ಲಿ ಮೊದಲ ಬಾರಿಗೆ ಬುಟ್ಟಿಯ ಒಳಗೆ ಹಣಕಿ ನೋಡಿದೆ.

ಮರುದಿನ ಓನರ್ ಮನೆಯಂಗಳದಲ್ಲಿ ಗೆದ್ದವರಿಗೆ ಊಟ. ಎತ್ತರದವನು ಅಭ್ಯಾಸಬಲದಿಂದ ಬಕೆಟ್ ಎತ್ತಿಕೊಂಡ. ಓನರ್ ಓಡಿಬಂದು ಕಿತ್ತುಕೊಂಡರು. "ಐಕಾನ್ ಬಡ್ಸುಕಾಗ! ಇವತ್ತ್ ನೀ ಮೊದ್ಲಿನ ಪಂಕ್ತಿಯಂಗ್ ಕೂಕೊ. ನಾನ್ ಬಡ್ಸ್ತೆ." ಹುಡುಗ ಹಿಂಜರಿಯುತ್ತಲೇ ಕೂತ. ಮೊದಲ ಪಂಕ್ತಿಯ ಎಲೆಯ ಮುಂದೆ ಹೇಗೆ ಕೂರುವುದೆಂದು ಅವನಿಗೆ ಗೊತ್ತಾದಂತೆ ಕಾಣಲಿಲ್ಲ.

ಓನರ್‌ಗೂ ಹೇಗೆ ಬಡಿಸುವುದೆಂದು ಗೊತ್ತಿರಲಿಲ್ಲ. ಉಪ್ಪಿಗಿಂತ ಮೊದಲೇ ಪಾಯಸ ಬಂತು. ಐಕಾನ್ ಎಲೆಗೆ ಸೌಟಿನ ಮೇಲೆ ಸೌಟು, ಅದು ಹರಿದು ಅವನ ಹೊಸ ಜೆರ್ಸಿಗೆ. ಸಿದ್ದಾಪುರದವನ ಎಲೆಗೆ ಏನೂ ಇಲ್ಲ. ನಾನು "ಹ್ವಾಯ್, ಇಲ್ಲಿಗ್ ಬರ್ಲಿಲ್ಲ" ಎಂದು ಕೈ ಒಡ್ಡಿದರೂ ಅವರಿಗೆ ಕೇಳಲಿಲ್ಲ. ಅಂದೂ ನನಗೆ ಪಾಯಸ ಸಿಗಲಿಲ್ಲ.

ಎತ್ತರದವನು ಎಲೆಗೆ ಎರಡೂ ಕೈ ಅಡ್ಡ ಹಿಡಿದು, ಪಂಕ್ತಿಯನ್ನೊಮ್ಮೆ ಉದ್ದಕ್ಕೂ ನೋಡಿದ. ಆಮೇಲೆ ತಲೆಯೆತ್ತಿ, ಕಸುಬಿನವನ ಗಾಂಭೀರ್ಯದಿಂದ ಹೇಳಿದ:

"ಧಣಿ, ಬೇಜಾರ್ ಮಾಡ್ಕಣ್‌ಬೇಡಿ. ಮುಂದಿನ್ ವರ್ಷ ಹರಾಜಿಗ್ ನಿಮ್ಮನ್ನೇ ಬಿಡುವ."